ಬಾಗಿಲಲ್ಲಿ ನಿಂತ ಆಳು: ಹೋಡೋರ್ ಪಾತ್ರ ಮತ್ತು ಕ್ರಿಸ್ತನ ದಾಸತ್ವ

ಲೆಂಟ್ ಕಾಲದ ಒಂದು ಸಂಜೆ ದೇವಶಾಸ್ತ್ರದ ವಿದ್ಯಾರ್ಥಿಯೊಬ್ಬ ನನ್ನ ಮುಂದೆ ಒಂದು ಪ್ರಶ್ನೆಯನ್ನಿಟ್ಟ. ರೋಣ, ನರಗುಂದ, ಗಜೇಂದ್ರಗಡಗಳ ಸುತ್ತಿನ ಸಣ್ಣ ಸಭೆಗಳಲ್ಲೊಂದರಲ್ಲಿ ಶುಭ ಶುಕ್ರವಾರದ ಪ್ರಸಂಗ ಮಾಡುವ ಹೊಣೆ ಅವನ ಪಾಲಿಗೆ ಬಂದಿತ್ತು. ಆ ಸಭೆಯ ಯುವಕರು ‘ಗೇಮ್ ಆಫ್ ಥ್ರೋನ್ಸ್’ ಎಂಬ ಇಂಗ್ಲಿಷ್ ಧಾರಾವಾಹಿಯನ್ನು ಮೊಬೈಲಿನಲ್ಲಿ ನೋಡಿ ಮುಗಿಸಿದ್ದರು. ಅದರಲ್ಲಿ ಹೋಡೋರ್ ಎಂಬ ಸೇವಕನು ತನ್ನ ಒಡೆಯನನ್ನು ಉಳಿಸಲು ಬಾಗಿಲಿಗೆ ಬೆನ್ನುಕೊಟ್ಟು ಸಾಯುವ ದೃಶ್ಯವಿದೆ. ಅದನ್ನು ಕಂಡು ಅತ್ತವರೂ ಅವರಲ್ಲಿದ್ದರು. “ಅಯ್ಯನವರೇ, ಕರ್ತನ ಮರಣವನ್ನು ವಿವರಿಸಲು ಇದಕ್ಕಿಂತ ಹತ್ತಿರದ ದೃಷ್ಟಾಂತ ಸಿಗುವುದೇ? ಬಾಯಿಬಿಡದೆ, ತನ್ನದೇನನ್ನೂ ಕೇಳದೆ, ಪರರಿಗಾಗಿ ಸತ್ತ ಸೇವಕನಲ್ಲವೇ ಅವನು?” ಎಂದು ಅವನು ಕೇಳಿದ.

ಶುಕ್ರವಾರಕ್ಕೆ ಬೇಡ ಎಂದೆ. ಏಕೆ ಬೇಡ ಎಂಬುದನ್ನು ಅಂದು ಸರಿಯಾಗಿ ಹೇಳಲಾಗಲಿಲ್ಲ. ದೃಶ್ಯವು ಲೌಕಿಕ ಮನರಂಜನೆಯದು ಎಂಬುದು ನನ್ನ ಆಕ್ಷೇಪವಾಗಿರಲಿಲ್ಲ; ನಮ್ಮ ಕರ್ತನು ದೃಷ್ಟಾಂತಗಳನ್ನು ಹೊಲ, ಅಂಗಡಿ, ಮದುವೆಮನೆಗಳಿಂದಲೇ ಎತ್ತಿಕೊಂಡನು. ನನಗೆ ಕಾಡಿದ್ದು ಬೇರೆ. ಆ ಸಭೆಯಲ್ಲಿ ಕುಳಿತುಕೊಳ್ಳುವ ಕೆಲವರ ಅಜ್ಜಂದಿರು ದೊಡ್ಡ ಹೊಲಮನೆಗಳಲ್ಲಿ ಯುಗಾದಿಯಿಂದ ಯುಗಾದಿಗೆ ಸಂಬಳದ ಆಳುಗಳಾಗಿ ದುಡಿದವರು. ಬಾಯಿಬಿಡದೆ ಸಾಯುವ ಸೇವಕನನ್ನು ಕ್ರಿಸ್ತನ ಪ್ರತಿರೂಪವೆಂದು ಅವರ ಮುಂದೆ ನಿಲ್ಲಿಸಿದರೆ ಅವರು ಕೇಳಿಸಿಕೊಳ್ಳುವುದು ಸುವಾರ್ತೆಯನ್ನೋ, ಹಳೆಯ ಒಡೆಯರ ಆಜ್ಞೆಯನ್ನೋ? ಹೋಡೋರ್ ಪಾತ್ರವನ್ನು ಈ ಪ್ರಶ್ನೆಯ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪಾತ್ರ ಮತ್ತು ದೃಶ್ಯ

ಅಮೆರಿಕದ ಎಚ್‌ಬಿಒ ವಾಹಿನಿಯು 2011ರಿಂದ 2019ರವರೆಗೆ ಎಂಟು ಸೀಸನ್‌ಗಳಲ್ಲಿ, 73 ಕಂತುಗಳಲ್ಲಿ ಪ್ರಸಾರ ಮಾಡಿದ ಈ ಧಾರಾವಾಹಿಗೆ ಮೂಲ ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಕಾದಂಬರಿ ಸರಣಿ. ಅದರ ಮೊದಲ ಸಂಪುಟ 1996ರಲ್ಲಿ ಹೊರಬಂದಿತು. ಸಿಂಹಾಸನಕ್ಕಾಗಿ ಮನೆತನಗಳು ಒಂದನ್ನೊಂದು ತಿನ್ನುವ ಈ ಕಥೆಯಲ್ಲಿ ಯಾರಿಗೂ ಕೇಡು ಬಯಸದ ಪಾತ್ರಗಳು ಕೆಲವೇ. ಅವುಗಳಲ್ಲೊಂದು ಹೋಡೋರ್. ಅವನು ಸ್ಟಾರ್ಕ್ ಮನೆತನದ ವಿಂಟರ್‌ಫೆಲ್ ಕೋಟೆಯ ಕುದುರೆಲಾಯದ ಆಳು. ದೈತ್ಯದೇಹಿ, ಆದರೆ ಗುಡುಗಿಗೆ ಹೆದರುತ್ತಾನೆ. ‘ಹೋಡೋರ್’ ಎಂಬ ಒಂದೇ ಪದವನ್ನು ಬಿಟ್ಟು ಬೇರೇನನ್ನೂ ನುಡಿಯಲಾರ. ಆ ಪದವೇ ಅವನ ಹೆಸರಾಗಿಬಿಟ್ಟಿದೆ. ಉತ್ತರ ಐರ್ಲೆಂಡಿನ ನಟ ಕ್ರಿಸ್ಟಿಯನ್ ನೇರ್ನ್ ಈ ಒಂದೇ ಪದದಲ್ಲಿ ಭಯ, ಸಂತೋಷ, ಸಂದೇಹ, ಸಾಂತ್ವನಗಳನ್ನು ಬೇರೆಬೇರೆಯಾಗಿ ಕೇಳಿಸಿರುವುದು ನಿಜವಾದ ಕಲಾಸಾಧನೆ. ಗೋಪುರದಿಂದ ನೂಕಲ್ಪಟ್ಟು ಕಾಲುಗಳ ಶಕ್ತಿ ಕಳೆದುಕೊಂಡ ಬಾಲಕ ಬ್ರಾನ್ ಸ್ಟಾರ್ಕ್‌ನನ್ನು ಹೋಡೋರ್ ಬೆನ್ನಮೇಲೆ ಹೊತ್ತು ನೂರಾರು ಹರಿದಾರಿ ನಡೆಯುತ್ತಾನೆ. ನೋಡುವವರ ಪ್ರೀತಿಯನ್ನು ಆ ಪಾತ್ರ ಗೆದ್ದುಕೊಳ್ಳುವುದು ಸಹಜವೇ.

ಆದರೆ ಕಥೆ ಮುಂದುವರಿದಂತೆ ಈ ಸಂಬಂಧದಲ್ಲಿ ಒಂದು ಕರಾಳ ಅಂಶ ಸೇರಿಕೊಳ್ಳುತ್ತದೆ. ಬ್ರಾನ್‌ಗೆ ಪರಕಾಯ ಪ್ರವೇಶದ ಶಕ್ತಿಯಿದೆ. ಮೊದಲು ಅವನು ತನ್ನ ತೋಳದ ಮೈಯನ್ನು ಹೊಗುತ್ತಾನೆ. ಬಳಿಕ ತನ್ನ ಆಳಿನ ಮೈಯನ್ನು. ಮೂರನೆಯ ಸೀಸನ್‌ನಲ್ಲಿ ಗುಡುಗಿಗೆ ಬೆಚ್ಚಿ ಕೂಗುವ ಹೋಡೋರ್‌ನಿಂದ ತಾವು ಸಿಕ್ಕಿಬೀಳುವೆವೆಂಬ ಭಯದಲ್ಲಿ ಅವನೊಳಗೆ ಹೊಕ್ಕು ಅವನ ಬಾಯಿ ಮುಚ್ಚಿಸುತ್ತಾನೆ. ನಾಲ್ಕನೆಯದರಲ್ಲಿ ಹಾಗೆಯೇ ಹೊಕ್ಕು ವೈರಿಯೊಬ್ಬನ ಕುತ್ತಿಗೆಯನ್ನು ಅವನ ಕೈಯಿಂದ ಮುರಿಸುತ್ತಾನೆ. ಪ್ರಜ್ಞೆಗೆ ಮರಳಿದ ಹೋಡೋರ್ ತನ್ನ ಕೈಗಳ ಮೇಲಿನ ರಕ್ತವನ್ನು ಕಂಡು ದಿಗ್ಭ್ರಾಂತನಾಗುತ್ತಾನೆ. ಯಾರನ್ನೂ ನೋಯಿಸದವನು ಕೊಲೆಗಾರನಾಗಿದ್ದಾನೆ. ಕೊಂದವನು ತಾನಲ್ಲವೆಂದು ಹೇಳಲು ಅವನಿಗೆ ಮಾತಿಲ್ಲ.

2016ರ ಮೇ 22ರಂದು ಪ್ರಸಾರವಾದ, ಜ್ಯಾಕ್ ಬೆಂಡರ್ ನಿರ್ದೇಶಿಸಿದ ಕಂತಿನಲ್ಲಿ ಈ ಸಂಬಂಧದ ಬೇರು ಬಯಲಾಗುತ್ತದೆ. ಉತ್ತರದ ಗುಹೆಯೊಂದಕ್ಕೆ ಸತ್ತವರ ಸೈನ್ಯ ನುಗ್ಗುತ್ತದೆ. ಆ ಹೊತ್ತಿಗೆ ಬ್ರಾನ್ ದರ್ಶನದಲ್ಲಿ ಮುಳುಗಿ, ವಿಂಟರ್‌ಫೆಲ್ಲಿನ ಹಿಂದಿನ ಕಾಲವೊಂದನ್ನು ನೋಡುತ್ತಿದ್ದಾನೆ. ಅಲ್ಲಿ ವೈಲಿಸ್ ಎಂಬ ಹುಡುಗನಿದ್ದಾನೆ. ಎಲ್ಲರಂತೆ ಮಾತನಾಡಬಲ್ಲ ಲಾಯದ ಹುಡುಗ. ಇತ್ತ ಬ್ರಾನ್‌ನನ್ನು ಎಳೆದುಕೊಂಡು ಓಡುವ ಮೀರಾ ಎಂಬ ಯುವತಿ, ಬಾಗಿಲನ್ನು ತಡೆದು ನಿಲ್ಲುವಂತೆ ಹೋಡೋರ್‌ಗೆ ಕೂಗುತ್ತಾಳೆ. ಬ್ರಾನ್ ಹಿಂದಿನ ಕಾಲದಿಂದಲೇ ಹೋಡೋರ್‌ನ ಮೈ ಹೊಕ್ಕಿರುವುದರಿಂದ ಆ ಕೂಗು ಹುಡುಗ ವೈಲಿಸ್‌ನ ತಲೆಯಲ್ಲಿ ಮೊಳಗುತ್ತದೆ. ಅವನು ನೆಲಕ್ಕೆ ಬಿದ್ದು ಸೆಟೆದುಕೊಂಡು ಅದೇ ಮಾತನ್ನು ಮತ್ತೆ ಮತ್ತೆ ಒದರುತ್ತಾನೆ. ಆಜ್ಞೆಯ ಮೂರು ಇಂಗ್ಲಿಷ್ ಪದಗಳು ಸವೆದು, ಬೆಸೆದು, ಕೊನೆಗೆ ‘ಹೋಡೋರ್’ ಎಂದಷ್ಟೇ ಉಳಿಯುತ್ತವೆ. ಅವನು ಜೀವಮಾನವಿಡೀ ನುಡಿದದ್ದು ತನ್ನ ಸಾವಿನ ಆಜ್ಞೆಯನ್ನೇ.

ಈ ದೃಶ್ಯ ಭಾವುಕತೆಯ ಅಗ್ಗದ ಸರಕಲ್ಲ. ಬಾಗಿಲಲ್ಲಿ ಹರಿದುಹೋಗುತ್ತಿರುವ ದೊಡ್ಡವನನ್ನೂ ಅಂಗಳದಲ್ಲಿ ಒದ್ದಾಡುತ್ತಿರುವ ಹುಡುಗನನ್ನೂ ಒಂದರ ಪಕ್ಕ ಒಂದನ್ನಿಟ್ಟು ತೋರಿಸುವ ಮೂಲಕ ನಿರ್ದೇಶಕನು ಲೆಕ್ಕವನ್ನು ನಮ್ಮ ಮುಂದಿಡುತ್ತಾನೆ: ಒಬ್ಬನ ರಕ್ಷಣೆಗೆ ಇನ್ನೊಬ್ಬನ ಒಂದು ಗಳಿಗೆಯಲ್ಲ, ಒಂದು ಇಡೀ ಬಾಳು ವೆಚ್ಚವಾಗಿದೆ. ಧಾರಾವಾಹಿ ಸೋಲುವುದು ಆಮೇಲೆ. ಏಳನೆಯ ಸೀಸನ್‌ನಲ್ಲಿ ಮೀರಾ ಬ್ರಾನ್‌ನನ್ನು ಬೀಳ್ಕೊಳ್ಳುವಾಗ ಸತ್ತವರನ್ನು ನೆನಪಿಸುತ್ತಾಳೆ, ಹೋಡೋರ್‌ನ ಹೆಸರನ್ನೂ ಹೇಳುತ್ತಾಳೆ. ಬ್ರಾನ್‌ನ ಮುಖ ಕದಲುವುದಿಲ್ಲ. 2019ರ ಕೊನೆಯ ಕಂತಿನಲ್ಲಿ ಅವನನ್ನೇ ರಾಜನನ್ನಾಗಿ ಆರಿಸಲಾಗುತ್ತದೆ. ಅವನ ಪಟ್ಟಕ್ಕೆ ತಲೆದೂಗಿದ ಯಾರೂ ಕುದುರೆಲಾಯದ ಹುಡುಗನ ವಿಷಯದಲ್ಲಿ ಲೆಕ್ಕ ಕೇಳುವುದಿಲ್ಲ.

ಜೋಳದ ಋಣ

ನಮ್ಮ ಯುವಕರು ಈ ವಿದೇಶೀ ಪಾತ್ರಕ್ಕೆ ಅಷ್ಟು ಬೇಗ ಕರಗಿದ್ದೇಕೆ? ಒಡೆಯನಿಗಾಗಿ ಸಾಯುವ ಆಳು ಕನ್ನಡ ನಾಡಿಗೆ ಹೊಸಬನಲ್ಲ. ಉಂಡ ಜೋಳಕ್ಕೆ ಪ್ರತಿಯಾಗಿ ಪ್ರಾಣವನ್ನೇ ತೆರಬೇಕೆಂಬ ಬಾಧ್ಯತೆಗೆ ನಮ್ಮ ಹಿರಿಯರು ಜೋಳವಾಳಿ ಎಂದರು. ಒಡೆಯ ಸತ್ತ ವೇಳೆಗೆ ತಾನೂ ಸಾಯುವೆನೆಂಬ ಪ್ರತಿಜ್ಞೆಗೆ ವೇಳೆವಾಳಿ ಎಂದರು. ಹಿಂಗಾರಿ ಬಿಳಿಜೋಳ ಬೆಳೆಯುವ, ದಿನಕ್ಕೆರಡು ಹೊತ್ತು ರೊಟ್ಟಿ ಬಡಿಯುವ ರೋಣ–ನರಗುಂದದ ಎರೆಭೂಮಿಯಲ್ಲಿ ‘ಜೋಳದ ಋಣ’ ಎಂಬುದಕ್ಕೆ ವಿವರಣೆ ಬೇಕಿಲ್ಲ.

ಸುಮಾರು ಕ್ರಿ.ಶ. 870ರ ದೊಡ್ಡಹುಂಡಿಯ ಶಾಸನವು ಗಂಗರ ದೊರೆ ನೀತಿಮಾರ್ಗನ ಮರಣವನ್ನು ದಾಖಲಿಸಿ, ಅವನ ಮನೆಯ ಸೇವಕ ಅಗರಯ್ಯನು ‘ಕೀಳ್ಗುಂಟೆ’ಯಾದನೆಂದು, ಅಂದರೆ ಒಡೆಯನೊಡನೆ ಪ್ರಾಣಬಿಟ್ಟನೆಂದು ತಿಳಿಸುತ್ತದೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಕಂಬವು ಎರಡನೆಯ ವೀರಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನೂ ಅವನ ಹೆಂಡತಿ ಸುಗ್ಗಲದೇವಿಯೂ ಅವರ ಸಂಗಡಿಗರೂ ಮಾಡಿದ ಆತ್ಮಬಲಿಯ ಸ್ಮಾರಕ. ಹತ್ತನೆಯ ಶತಮಾನದ ಆತಕೂರಿನ ಶಾಸನವಂತೂ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟುದನ್ನು ಹೇಳುತ್ತದೆ. ಆ ನಾಯಿಗೂ ತನ್ನದೇ ಹೆಸರಿತ್ತು. ವೈಲಿಸ್‌ಗೆ ಉಳಿದದ್ದು ಆಜ್ಞೆಯ ಚೂರು ಮಾತ್ರ.

ಆದರೆ ನಮ್ಮ ಪರಂಪರೆಯನ್ನು ಇನ್ನೂ ಹತ್ತಿರದಿಂದ ನೋಡಿದರೆ ಅದರೊಳಗೇ ಒಂದು ವಿವೇಚನೆಯಿದೆ. ವೇಳೆವಾಳಿಯು ಪ್ರತಿಜ್ಞೆ, ಅದನ್ನು ಮಾಡಲು ಬಾಯಿ ಬೇಕು, ಮನಸ್ಸು ಬೇಕು. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕೋಳಿವಾಡದ ಕುಮಾರವ್ಯಾಸನು ಹೇಳಿದ ಕರ್ಣನ ಕಥೆಯನ್ನು ನೆನೆಯಿರಿ. ಕೃಷ್ಣನು ಅವನಿಗೆ ಅವನ ಜನ್ಮವೃತ್ತಾಂತವನ್ನು ತಿಳಿಸುತ್ತಾನೆ, ರಾಜ್ಯ ಕೈಗೆಟುಕುವಂತಿದೆ, ಬಿಟ್ಟುಹೋಗಲು ದಾರಿ ತೆರೆದಿದೆ. ಎಲ್ಲವನ್ನೂ ತಿಳಿದು, ಸಂಕಟಪಟ್ಟು, ಅವನು ದುರ್ಯೋಧನನ ಋಣದಲ್ಲಿ ಉಳಿಯುತ್ತಾನೆ. ಅವನ ಆಯ್ಕೆ ತಪ್ಪೆಂದು ವಾದಿಸಬಹುದು. ಅದು ಅವನದಲ್ಲವೆಂದು ಹೇಳಲಾಗದು. ಕರ್ಣನಿಗೆ ದೊರೆತ ಆ ಒಂದು ಸಂಜೆ ಹೋಡೋರ್‌ಗೆ ದೊರೆಯಲಿಲ್ಲ.

ಇಷ್ಟರಿಂದ ಹಳೆಯ ಕಲ್ಲುಗಳೆಲ್ಲ ನಿರ್ಮಲವೆಂದು ನಾನು ಹೇಳುತ್ತಿಲ್ಲ. ಅಗರಯ್ಯನನ್ನು ಯಾರಾದರೂ ಕೇಳಿದ್ದರೇ ಎಂಬುದಕ್ಕೆ ಕಲ್ಲಿನಲ್ಲಿ ಉತ್ತರವಿಲ್ಲ. ಆಳಿನ ನಿಷ್ಠೆಯನ್ನು ಹೊಗಳಿ ಬರೆಯಿಸಿದವರು ಸಾಮಾನ್ಯವಾಗಿ ಒಡೆಯರ ಕಡೆಯವರೇ. 1976ರ ಜೀತಪದ್ಧತಿ ನಿರ್ಮೂಲನಾ ಕಾಯ್ದೆ ಬರುವವರೆಗೂ, ಬಂದ ಮೇಲೂ, ಸಾಲಕ್ಕೆ ಸಿಕ್ಕು ದುಡಿದವರ ಮನೆಯ ಮುಂದೆ ಯಾರೂ ಕಲ್ಲು ನೆಡಲಿಲ್ಲ. ಬಾಸೆಲ್ ಮಿಷನ್ನಿನ ಕಿಟ್ಟೆಲ್ ಅವರು 1894ರಲ್ಲಿ ಪ್ರಕಟಿಸಿದ ನಿಘಂಟನ್ನು ತೆರೆದರೆ ‘ಆಳು’ ಎಂಬ ರೂಪವು ಎರಡು ಕಡೆ ಸಿಗುತ್ತದೆ: ಕ್ರಿಯಾಪದವಾಗಿ ದೊರೆತನ ಮಾಡುವುದು, ನಾಮಪದವಾಗಿ ಸೇವಕ. ಒಂದೇ ಉಚ್ಚಾರದಲ್ಲಿ ಆಳುವವನೂ ಆಳಲ್ಪಡುವವನೂ ಇದ್ದಾರೆ. ಬ್ರಾನ್ ಮತ್ತು ಹೋಡೋರ್ ಒಂದೇ ಮೈಯಲ್ಲಿ ಸೇರಿದ ಹಾಗೆ.

ಯಾರ ಚಿತ್ತ?

ಈಗ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಹೋಡೋರ್‌ನನ್ನು ಕ್ರಿಸ್ತನ ಮರಣಕ್ಕೆ ದೃಷ್ಟಾಂತವಾಗಿ ಹಿಡಿದರೆ ನಾವು ಸಾರುವುದು ಎಂಥ ಕ್ರಿಸ್ತನನ್ನು? ಒಂದು ಮಾನವ ದೇಹ. ಅದರೊಳಗೆ ಮೇಲಿನಿಂದ ಬಂದು ಕುಳಿತು ಅದನ್ನು ನಡೆಸುವ ಇನ್ನೊಂದು ಮನಸ್ಸು. ದೇಹ ಸಾಯುತ್ತದೆ, ಚಿತ್ತ ಮಾತ್ರ ಬೇರೆಯವರದು. ಇದು ಸಭಾಚರಿತ್ರೆಗೆ ಪರಿಚಿತವಾದ ತಪ್ಪು. ನಾಲ್ಕನೆಯ ಶತಮಾನದಲ್ಲಿ ಲವೊದಿಕೀಯದ ಅಪೊಲಿನಾರಿಸನು ಕ್ರಿಸ್ತನಲ್ಲಿ ಮಾನವ ಬುದ್ಧಿಯ ಸ್ಥಾನವನ್ನು ದೈವಿಕ ವಾಕ್ಯವೇ ತುಂಬಿತೆಂದು ಕಲಿಸಿದನು. 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆ ಅದನ್ನು ತಿರಸ್ಕರಿಸಿತು. ನಾಜಿಯಾನ್ಸಸ್‌ನ ಗ್ರೆಗೊರಿಯ ವಾದ ಸರಳವಾದುದು: ಕ್ರಿಸ್ತನು ಧರಿಸಿಕೊಳ್ಳದೆ ಬಿಟ್ಟ ಭಾಗವು ಗುಣವಾಗದೆಯೇ ಉಳಿಯುತ್ತದೆ. ಮನುಷ್ಯನ ಬುದ್ಧಿಯೇ ಪಾಪದಲ್ಲಿ ಮೊದಲು ಬಿದ್ದಿರುವಾಗ ಅದನ್ನೇ ಬಿಟ್ಟು ಮೈಯನ್ನಷ್ಟೇ ತೆಗೆದುಕೊಂಡ ರಕ್ಷಕನು ನಮಗೇನು ಪ್ರಯೋಜನ?

ಅದೇ ತಪ್ಪು ಏಳನೆಯ ಶತಮಾನದಲ್ಲಿ ಬೇರೆ ವೇಷದಲ್ಲಿ ಬಂದಿತು: ಕ್ರಿಸ್ತನಿಗೆ ಎರಡು ಸ್ವಭಾವಗಳಿದ್ದರೂ ಚಿತ್ತ ಒಂದೇ, ಅದು ದೈವಿಕವಾದುದು ಎಂದು. ಸಾಮ್ರಾಟರಿಗೆ ಈ ಬೋಧನೆ ಅನುಕೂಲವಾಗಿತ್ತು. ಅರಿಕೆಗಾರ ಮಾಕ್ಸಿಮಸನು ಇದನ್ನು ಒಪ್ಪಲಿಲ್ಲ. ಗೆತ್ಸೇಮನೆಯ ತೋಟದಲ್ಲಿ ಪಾತ್ರೆಯನ್ನು ತೊಲಗಿಸಬೇಕೆಂದು ಬೇಡಿ, ಬಳಿಕ ತಂದೆಯ ಚಿತ್ತಕ್ಕೆ ತನ್ನನ್ನು ಒಪ್ಪಿಸಿಕೊಟ್ಟವನಿಗೆ ಮಾನವ ಚಿತ್ತವಿರಲಿಲ್ಲವೆಂದರೆ ಆ ಪ್ರಾರ್ಥನೆಯೇ ನಾಟಕವಾಗುತ್ತದೆ ಎಂಬುದು ಅವನ ನಿಲುವಿನ ಸಾರ. 662ರಲ್ಲಿ ಅವನ ನಾಲಗೆಯನ್ನೂ ಬಲಗೈಯನ್ನೂ ಕತ್ತರಿಸಿ ಗಡೀಪಾರು ಮಾಡಿದರು. ಆ ವರ್ಷವೇ ಅವನು ತೀರಿಕೊಂಡನು. 680–81ರ ಮಹಾಸಭೆ ಅವನ ನಿಲುವನ್ನೇ ಸಭೆಯ ನಂಬಿಕೆಯೆಂದು ಸ್ಥಿರಪಡಿಸಿತು. ಕ್ರಿಸ್ತನ ಮಾನವ ಚಿತ್ತಕ್ಕಾಗಿ ಒಬ್ಬನು ತನ್ನ ನಾಲಗೆಯನ್ನು ಕಳೆದುಕೊಂಡಿರುವಾಗ, ಚಿತ್ತವನ್ನೂ ನಾಲಗೆಯನ್ನೂ ಒಡೆಯನಿಗೆ ಕಳೆದುಕೊಂಡವನನ್ನು ನಾವು ಕ್ರಿಸ್ತನ ಹೋಲಿಕೆಯಾಗಿ ಎತ್ತಿಹಿಡಿಯುವುದು ತರವಲ್ಲ.

ಫಿಲಿಪ್ಪಿಯವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ಪೌಲನು ಬರಿದುಮಾಡಿಕೊಳ್ಳುವಿಕೆಯನ್ನು ವರ್ಣಿಸುವಾಗ ಕ್ರಿಸ್ತನೇ ತನ್ನನ್ನು ಬರಿದುಮಾಡಿಕೊಂಡನು, ತಾನೇ ತಗ್ಗಿಸಿಕೊಂಡನು ಎಂಬ ಅಂಶವನ್ನು ಬಿಡುವುದಿಲ್ಲ. ಹೋಡೋರ್ ತನ್ನನ್ನು ಬರಿದುಮಾಡಿಕೊಳ್ಳಲಿಲ್ಲ, ಅವನನ್ನು ಬರಿದುಮಾಡಲಾಯಿತು. ವ್ಯಾಕರಣದ ಈ ಸಣ್ಣ ಭೇದದಲ್ಲಿ ಸುವಾರ್ತೆಯೇ ಅಡಗಿದೆ. ಯೋಹಾನನ ಹತ್ತನೆಯ ಅಧ್ಯಾಯದಲ್ಲಿ ಯೇಸು ತನ್ನ ಪ್ರಾಣವನ್ನು ಯಾರೂ ಕಸಿದುಕೊಳ್ಳುತ್ತಿಲ್ಲ, ತಾನಾಗಿಯೇ ಕೊಡುತ್ತಿದ್ದೇನೆ ಎಂದು ಸ್ಪಷ್ಟಪಡಿಸುತ್ತಾನೆ. ಅದೇ ಅಧ್ಯಾಯದಲ್ಲಿ ಅವನು ತನ್ನನ್ನು ಬಾಗಿಲಿಗೆ ಹೋಲಿಸಿಕೊಂಡಿದ್ದಾನೆ. ಆ ಬಾಗಿಲು ಕುರಿಗಳು ಒಳಗೆ ಬಂದು ಹೊರಗೆ ಹೋಗಿ ಮೇವು ಕಾಣುವಂತೆ ತೆರೆದುಕೊಳ್ಳುವ ಬಾಗಿಲು. ಹೋಡೋರ್‌ನ ಬಾಗಿಲಿನಿಂದ ಪಾರಾದವರು ಪಾರಾದರು. ತಡೆದು ನಿಂತವನಿಗೆ ಅದು ತೆರೆಯಲೇ ಇಲ್ಲ.

‘ಇಲ್ಲ’ ಎನ್ನಬಲ್ಲವನ ‘ಹೌದು’ ಮಾತ್ರ ವಿಧೇಯತೆಯಾಗುತ್ತದೆ. ಇದನ್ನು ಅರಿಯಲು ನಮ್ಮ ಸೀಮೆಯವರು ದೂರ ಹೋಗಬೇಕಿಲ್ಲ. 1980ರಲ್ಲಿ ಮಲಪ್ರಭಾ ನೀರಾವರಿ ಪ್ರದೇಶದ ರೈತರು ತಮ್ಮ ಮೇಲೆ ಹೊರಿಸಿದ ಕರಗಳನ್ನು ಕೊಡೆವೆಂದರು. ಜುಲೈ 21ರಂದು ನರಗುಂದದಲ್ಲಿ ಗೋಲಿಬಾರಾಗಿ, ಘರ್ಷಣೆಯಲ್ಲಿ ರೈತರೂ ಪೊಲೀಸರೂ ಪ್ರಾಣ ಕಳೆದುಕೊಂಡರು. ಆ ಹಿಂಸೆ ಶೋಕಕ್ಕೆ ಯೋಗ್ಯವಾದುದು. ಆದರೂ ಆ ದಿನವನ್ನು ಪ್ರತಿವರ್ಷ ನೆನೆಯುವ ಜನರಿಗೆ ಒಂದು ವಿಷಯ ಗೊತ್ತು: ತಲೆಬಾಗಿಸಿ ದುಡಿಯುವವನಿಗೂ ತನ್ನದೇ ಮಾತುಂಟು. ಆ ಮಾತನ್ನು ಕಿತ್ತುಕೊಂಡ ಮೇಲೆ ಉಳಿಯುವ ತಾಳ್ಮೆಯನ್ನು ಸದ್ಗುಣವೆನ್ನಲಾಗದು.

ಬಾಯಿ ಇದ್ದವನ ಮೌನ

ಇಲ್ಲಿ ಓದುಗರು ಯೆಶಾಯನನ್ನು ಮುಂದಿಡುವರು. ಬಾಧೆಪಡುವ ಸೇವಕನು ವಧೆಗೆ ಒಯ್ಯುವ ಕುರಿಮರಿಯಂತೆ ಬಾಯಿ ತೆರೆಯಲಿಲ್ಲವೆಂದು 53ನೆಯ ಅಧ್ಯಾಯವೇ ಹೇಳುತ್ತದಲ್ಲವೇ? ಹೇಳುತ್ತದೆ. ಆದರೆ ಸೇವಕಗೀತಗಳನ್ನು ಒಂದೊಂದಾಗಿ ಕತ್ತರಿಸಿ ಓದಬಾರದು. 50ನೆಯ ಅಧ್ಯಾಯದ ಗೀತದಲ್ಲಿ ಅದೇ ಸೇವಕನು, ಬಳಲಿದವರನ್ನು ಮಾತಿನಿಂದ ಸುಧಾರಿಸಲು ಕಲಿತವರ ನಾಲಗೆಯನ್ನು ಕರ್ತನು ತನಗೆ ದಯಪಾಲಿಸಿದ್ದಾನೆ, ಬೆಳಬೆಳಗೂ ತನ್ನ ಕಿವಿಯನ್ನು ಎಚ್ಚರಿಸುತ್ತಾನೆ, ತಾನು ಎದುರುಬೀಳಲಿಲ್ಲ ಎಂದು ತಾನೇ ನುಡಿಯುತ್ತಾನೆ. ಮೊದಲು ನಾಲಗೆ ಕೊಡಲ್ಪಟ್ಟಿತು. ಬಳಿಕ ಮೌನ ಆಯ್ದುಕೊಳ್ಳಲ್ಪಟ್ಟಿತು. 53ರ ಮೌನವು 50ರ ನಾಲಗೆಯುಳ್ಳವನ ಮೌನ. ಪಿಲಾತನ ಮುಂದೆ ಯೇಸು ಕೆಲವು ಪ್ರಶ್ನೆಗಳಿಗೆ ಉತ್ತರಿಸಿ, ಕೆಲವಕ್ಕೆ ಉತ್ತರಿಸದೆ ಉಳಿದದ್ದು ಅಂಥ ಮೌನ. ಮಾತು ಕಸಿಯಲ್ಪಟ್ಟವನ ಸದ್ದಿಲ್ಲದಿರುವಿಕೆ ಅದಲ್ಲ.

ಸತ್ಯವೇದದಲ್ಲಿ ಬಾಗಿಲಲ್ಲಿ ನಿಲ್ಲುವ ಇನ್ನೊಬ್ಬ ದಾಸನೂ ಇದ್ದಾನೆ. ವಿಮೋಚನಕಾಂಡದ 21ನೆಯ ಅಧ್ಯಾಯದ ನಿಯಮದಂತೆ ಇಬ್ರಿಯ ದಾಸನಿಗೆ ಏಳನೆಯ ವರ್ಷದಲ್ಲಿ ಬಿಡುಗಡೆ. ಅವನು ಒಡೆಯನನ್ನೂ ಹೆಂಡತಿಮಕ್ಕಳನ್ನೂ ಪ್ರೀತಿಸುವುದರಿಂದ ಬಿಟ್ಟುಹೋಗಲಾರೆನೆಂದು ತಾನೇ ಸ್ಪಷ್ಟವಾಗಿ ಹೇಳಿದರೆ, ಅವನನ್ನು ಬಾಗಿಲಿನ ಬಳಿಗೆ ತಂದು ಕಿವಿಯನ್ನು ಚುಚ್ಚಬೇಕು. ಈ ನಿಯಮವೂ ಕಳಂಕರಹಿತವಲ್ಲ: ಒಡೆಯನು ಕೊಟ್ಟ ಹೆಂಡತಿಯನ್ನೂ ಮಕ್ಕಳನ್ನೂ ಬಿಟ್ಟು ಮಾತ್ರ ಅವನು ಹೊರಡಬಹುದು ಎಂಬಲ್ಲಿ ಪ್ರೀತಿಯೇ ಬೇಡಿಯಾಗಬಲ್ಲದು. ಧರ್ಮೋಪದೇಶಕಾಂಡದ 15ನೆಯ ಅಧ್ಯಾಯವು ಆ ಷರತ್ತನ್ನು ಹೇಳದೆ, ಹೊರಡುವವನನ್ನು ಬರಿಗೈಯಲ್ಲಿ ಕಳುಹಿಸಬಾರದೆಂದು ಆಜ್ಞಾಪಿಸುವುದು ಗಮನಾರ್ಹ. ಆದರೂ ಒಂದು ಅಂಶ ಎರಡೂ ಕಡೆ ಸ್ಥಿರವಾಗಿದೆ. ಬಾಗಿಲಿಗೆ ಬರುವ ಮೊದಲು ದಾಸನಿಗೆ ಬಿಡುಗಡೆಯ ವರ್ಷ ಬಂದಿರಬೇಕು, ಅವನು ಬಾಯಿಬಿಟ್ಟು ಹೇಳಿರಬೇಕು. ಬಿಡುಗಡೆಯಿಲ್ಲದ ಬಾಗಿಲಲ್ಲಿ ಕಿವಿ ಚುಚ್ಚುವುದಕ್ಕೆ ಧರ್ಮಶಾಸ್ತ್ರದಲ್ಲಿ ಅವಕಾಶವಿಲ್ಲ.

ಎರಡು ಆಕ್ಷೇಪಗಳು

ಮೊದಲನೆಯದು ಧಾರಾವಾಹಿಯನ್ನು ಗಮನವಿಟ್ಟು ನೋಡಿದವರದು. ಬ್ರಾನ್ ಹೊಕ್ಕಾಗ ಹೋಡೋರ್‌ನ ಕಣ್ಣುಗಳು ಬೆಳ್ಳಗಾಗುತ್ತವೆ. ಆದರೆ ಬಾಗಿಲನ್ನು ತಡೆದು ನಿಂತಾಗ ಅವು ಸಹಜವಾಗಿವೆ, ಆದ್ದರಿಂದ ಕೊನೆಯ ಗಳಿಗೆಯಲ್ಲಿ ಅವನು ತಾನಾಗಿಯೇ ನಿಂತನು ಎಂದು ಅವರು ವಾದಿಸುತ್ತಾರೆ. ಇದು ಸುಂದರವಾದ ಓದು. ಹಾಗಿದ್ದರೆ, ಎಲ್ಲವನ್ನೂ ಕಸಿದುಕೊಂಡ ಮೇಲೂ ಮನುಷ್ಯನಲ್ಲಿ ದೇವರ ಸ್ವರೂಪದ ಒಂದು ಕಿಡಿ ಉಳಿದಿರುತ್ತದೆಂದು ನಾವು ಕೃತಜ್ಞತೆಯಿಂದ ನೆನೆಯಬಹುದು. ಆದರೆ ಅವನು ಒಪ್ಪಿದನೋ ಇಲ್ಲವೋ ಎಂಬುದನ್ನು ಅವನ ಕಣ್ಣಿನ ಬಣ್ಣದಿಂದ ಊಹಿಸಬೇಕಾಗಿ ಬಂದಿದೆ ಎಂಬುದೇ ಅನ್ಯಾಯದ ಗುರುತು. ಕೇಳಿದ್ದರೆ ಹೇಳುತ್ತಿದ್ದನೇನೋ, ಕೇಳುವ ಮೊದಲೇ ಅವನ ಮಾತನ್ನು ತೆಗೆದುಕೊಂಡಾಗಿತ್ತು. ಒಡೆಯರು ಆಳುಗಳ ಬಗ್ಗೆ ‘ಅವನಿಗೆ ನಮ್ಮ ಮನೆಯೆಂದರೆ ಪ್ರಾಣ’ ಎನ್ನುವಾಗಲೂ ಹೀಗೆಯೇ ಕಣ್ಣಿನ ಬಣ್ಣವನ್ನೇ ಓದುತ್ತಿರುತ್ತಾರೆ.

ಎರಡನೆಯದು ದೇವಶಾಸ್ತ್ರದ ಒಳಗಿನದು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಮಾಡಿದ ಭಾಷಣದಿಂದ ದಲಿತ ದೇವಶಾಸ್ತ್ರಕ್ಕೆ ದಾರಿಮಾಡಿದ ಅರವಿಂದ ಪಿ. ನಿರ್ಮಲ್ ಅವರು ದೇವರನ್ನೇ ಸೇವಕನೆಂದು ಕರೆಯಲು ಅಂಜಲಿಲ್ಲ. ಸೇವೆಯೇ ಬದುಕಾಗಿದ್ದ ಸಮುದಾಯಗಳ ದೇವರು ಸೇವೆಮಾಡುವ ದೇವರು ಎಂದರು. ಹಾಗಿರುವಾಗ ಆಳನ್ನು ಕ್ರಿಸ್ತನಿಗೆ ಹೋಲಿಸಲು ನಾನೇಕೆ ಹಿಂಜರಿಯಬೇಕು? ಉತ್ತರವಿಷ್ಟು: ದೇವರು ಸೇವಕನಾದನು ಎಂದಾಗ ಸೇವಕನ ಘನತೆ ಮೇಲೇರುತ್ತದೆ, ಒಡೆಯನ ಆಸನ ಅಲುಗುತ್ತದೆ. ಸೇವಕನೇ ಕ್ರಿಸ್ತನಂತೆ ಸಾಯಲಿ ಎಂದಾಗ ಒಡೆಯನ ಆಸನ ಇದ್ದಲ್ಲೇ ಇರುತ್ತದೆ, ಇನ್ನೂ ಭದ್ರವಾಗುತ್ತದೆ. ಮಾತುಗಳು ಒಂದೇ ತೆರನಾಗಿ ಕೇಳಿಸಿದರೂ ದಿಕ್ಕು ಬೇರೆ. ಮೊದಲನೆಯದು ಆಳಿಗೆ ಸುವಾರ್ತೆ. ಎರಡನೆಯದು ಒಡೆಯನಿಗೆ ಅನುಕೂಲ.

ಒಡೆಯನ ಆಸನ

ಹಾಗಾದರೆ ಹೋಡೋರ್‌ಗೆ ನಮ್ಮ ಪ್ರಸಂಗಗಳಲ್ಲಿ ಸ್ಥಳವಿಲ್ಲವೇ? ಇದೆ, ಗುರುವಾರದಲ್ಲಿ. ಯೋಹಾನನ 13ನೆಯ ಅಧ್ಯಾಯದಲ್ಲಿ ಯೇಸು ತಾನು ಎಲ್ಲಿಂದ ಬಂದವನು, ಎಲ್ಲಿಗೆ ಹೋಗುವವನು ಎಂಬುದನ್ನು ಅರಿತವನಾಗಿ ಎದ್ದು ಮೇಲುಹೊದಿಕೆ ತೆಗೆದು ಶಿಷ್ಯರ ಪಾದ ತೊಳೆಯುತ್ತಾನೆ. ಅದೇ ರಾತ್ರಿಯ ಮಾತುಗಳಲ್ಲಿ, 15ನೆಯ ಅಧ್ಯಾಯದಲ್ಲಿ, ಇನ್ನು ಮೇಲೆ ಅವರನ್ನು ಆಳುಗಳೆಂದು ಕರೆಯುವುದಿಲ್ಲ ಎನ್ನುತ್ತಾನೆ. ಕಾರಣವನ್ನೂ ಕೊಡುತ್ತಾನೆ: ಒಡೆಯನು ಮಾಡುವುದು ಆಳಿಗೆ ತಿಳಿಯದು. ಹೋಡೋರ್‌ನ ಸ್ಥಿತಿಯನ್ನು ಇದಕ್ಕಿಂತ ನಿಖರವಾಗಿ ವರ್ಣಿಸಲಾಗದು. ಒಡೆಯನು ತನ್ನೊಳಗೇ ಕುಳಿತು ಏನು ಮಾಡುತ್ತಿದ್ದಾನೆಂಬುದು ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಬ್ರಾನ್ ತನ್ನ ಆಳಿನ ತಿಳಿವಳಿಕೆಯನ್ನು ತೆಗೆದುಕೊಂಡು ತಾನು ಪಾರಾದನು. ಕರ್ತನು ತನಗೆ ತಿಳಿದದ್ದನ್ನೆಲ್ಲ ಆಳುಗಳಿಗೆ ಕೊಟ್ಟು ಅವರನ್ನು ಸ್ನೇಹಿತರನ್ನಾಗಿ ಮಾಡಿಕೊಂಡು, ತಾನೇ ಮರಣಕ್ಕೆ ಹೋದನು.

ಫಿಲೆಮೋನನಿಗೆ ಪೌಲನು ಬರೆದ ಚಿಕ್ಕ ಪತ್ರವನ್ನೂ ಇಲ್ಲಿ ಜೊತೆಗಿಟ್ಟು ಓದಬೇಕು. ಒನೇಸಿಮ ಎಂದರೆ ‘ಉಪಯುಕ್ತ’. ಒಡೆಯರು ದಾಸರಿಗೆ ಇಡುತ್ತಿದ್ದ ಹೆಸರದು. ಹೋಡೋರ್‌ನಂತೆ ಅವನ ಕೆಲಸವೇ ಅವನ ಹೆಸರು. ಪೌಲನು 11ನೆಯ ವಚನದಲ್ಲಿ ಆ ಹೆಸರಿನ ಅರ್ಥದೊಡನೆ ಸರಸವಾಗಿ ಆಡಿ, 16ನೆಯ ವಚನದಲ್ಲಿ ಅದನ್ನು ಹಿಂದೆ ಬಿಟ್ಟು, ಅವನನ್ನು ಪ್ರಿಯ ಸಹೋದರನನ್ನಾಗಿ ಬರಮಾಡಿಕೊಳ್ಳಬೇಕೆಂದು ಕೇಳುತ್ತಾನೆ. ಪತ್ರ ಹೋದದ್ದು ಆಳಿಗಲ್ಲ, ಒಡೆಯನಿಗೆ. ನಿಷ್ಠೆಯ ಉಪದೇಶ ಒನೇಸಿಮನಿಗೆ ಆಗಲಿಲ್ಲ. ಪಶ್ಚಾತ್ತಾಪದ ಕರೆ ಫಿಲೆಮೋನನಿಗೆ ಬಂದಿತು. ಹೋಡೋರ್ ಪಾತ್ರದಿಂದ ಪ್ರಸಂಗಿಗಳಾದ ನಾವು ಕಲಿಯಬೇಕಾದ ದಿಕ್ಕೂ ಇದೇ. ಆ ದೃಶ್ಯವನ್ನು ನೋಡುವಾಗ ನಾವು ಬಾಗಿಲಲ್ಲಿ ನಿಂತವನ ಜಾಗದಲ್ಲಿ ನಮ್ಮನ್ನು ಇರಿಸಿಕೊಂಡು ಕಣ್ಣೀರಿಡುತ್ತೇವೆ. ಬೆನ್ನಮೇಲೆ ಕುಳಿತು ಬಂದವನ ಜಾಗದಲ್ಲಿ ಇರಿಸಿಕೊಂಡು ನೋಡಿದರೆ ಕಣ್ಣೀರಿನ ಬದಲು ಅರಿಕೆ ಹುಟ್ಟಬೇಕು.

ಆ ವಿದ್ಯಾರ್ಥಿಯೊಡನೆ ಮತ್ತೆ ಮಾತಾಡಿದಾಗ ಇದಿಷ್ಟನ್ನೂ ಹೇಳಿದೆ. ಅವನು ಸುಮ್ಮನೆ ಕೇಳಿ, ಶುಕ್ರವಾರದ ಟಿಪ್ಪಣಿಯಿಂದ ಹೋಡೋರ್‌ನನ್ನು ತೆಗೆದು ಗುರುವಾರದ ಅರಿಕೆಯ ಭಾಗಕ್ಕೆ ಸೇರಿಸಿದ. ಬಳಿಕ ಅವನೇ ಒಂದು ಮಾತು ಕೇಳಿದ: ಆ ಸಭೆಯ ದೇವಾಲಯದ ಬಾಗಿಲನ್ನು ಪ್ರತಿ ಭಾನುವಾರ ತೆರೆದು, ಕಸಗುಡಿಸಿ, ಗಂಟೆ ಬಾರಿಸುವ ಮುದುಕನ ಹೆಸರೇನು? ಆ ಸಭೆಗೆ ಎಷ್ಟೋ ಸಲ ಹೋಗಿ ಪ್ರಸಂಗ ಮಾಡಿದ್ದ ನನಗೆ ಗೊತ್ತಿರಲಿಲ್ಲ. ಎಲ್ಲರೂ ಅವನನ್ನು ಗಂಟೆಯವನೆಂದೇ ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆದಿದ್ದೆ.